ಯುಕಾನ್‌ಗೆ ಹೊರಟ ಗೆಳೆಯನಿಗೊಂದು ಪತ್ರ

ಮಾರಾಯ,

ಕೆನಡಾದ ಯುಕಾನ್ ನದಿಯಲ್ಲಿ ಕಯಾಕ್ (ಸಪುರವಾದ ಹುಟ್ಟುದೋಣಿ) ಹತ್ತಿ ಹೋಗುವ ನಿನ್ನ ಪ್ಲಾನ್ ಓದಿದೆ. ವೈಟ್‌ಹಾರ್ಸ್‌ನಿಂದ ಡಾಸನ್ ಸಿಟಿಗೆ 715 ಕಿಲೋಮೀಟರ್, ಹತ್ತು ದಿನಕ್ಕೆ ಭಾಗಿಸಿದ್ದೀಯ. ಯುಕಾನ್ ನದಿಯ ಹರಿವು ಜೋರಿದೆ, ದಿನಕ್ಕೆ 70 ಕಿಲೋಮೀಟರ್ ಕಷ್ಟವಲ್ಲ. ಆದರೆ ಶುರುವಿನಲ್ಲೇ ಲಬಾರ್ಜ್ ಸರೋವರ ಬರುತ್ತದಲ್ಲ, 50 ಕಿಲೋಮೀಟರ್ ಉದ್ದಕ್ಕೂ ಹರಿವಿಲ್ಲ. ಗಾಳಿ ಎದ್ದರೆ ಅರ್ಧ ಗಂಟೆಯೊಳಗೆ ಅಲೆಗಳು ಕಯಾಕ್ ಮೇಲೇರುತ್ತವೆ, ಆಮೇಲೆ ದಡದಲ್ಲಿ ಕಾಯುವುದೊಂದೇ ಕೆಲಸ. ಸರೋವರಕ್ಕೇ ಮೂರು ದಿನ ಇಡು. ಒಟ್ಟು 14 ದಿನ ಹಿಡಿ, ಊಟ 16 ದಿನಕ್ಕೆ ಒಯ್ಯಿ. ಬಲದಂಡೆಯ ಪಕ್ಕದಲ್ಲೇ ಹೋಗು, ನಡುವೆ ಅಡ್ಡ ದಾಟುವ ಆಸೆ ಬೇಡ. ಜೂನ್ ಕೊನೆಗೆ ರಾತ್ರಿಯೂ ಬೆಳಕಿರುತ್ತದೆ, ಗಾಳಿ ಇಳಿದ ಹೊತ್ತು ನೋಡಿ ಹುಟ್ಟು ಹಾಕು. ಜೂನ್ ಮೊದಲ ವಾರಕ್ಕೆ ಟಿಕೆಟ್ ಮಾಡಬೇಡ, ಸರೋವರದಲ್ಲಿ ಆಗಲೂ ಐಸ್ ಉಳಿದಿರಬಹುದು.

ಭಾರದ ಸಾಮಾನು ಸೀಟಿಗೆ ಹತ್ತಿರ, ತಳಕ್ಕೆ ಇರಲಿ. ಹಗುರವಾದದ್ದು ಎರಡು ತುದಿಗೆ. ಹಿಂಬದಿ ಮುಂಬದಿಗಿಂತ ಹಗುರವಾದರೆ ಗಾಳಿ ಕಯಾಕನ್ನು ತಿರುಗಿಸುತ್ತಲೇ ಇರುತ್ತದೆ. ಕರಡಿ ಓಡಿಸುವ ಸ್ಪ್ರೇ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಂಡು ಲೈಫ್ ಜಾಕೆಟ್‌ಗೆ ಸಿಗಿಸಿಕೋ. ಚೀಲದೊಳಗಿದ್ದರೆ ಇದ್ದೂ ಇಲ್ಲದಂತೆ. ಅಡುಗೆ, ಊಟ, ಆಹಾರದ ಡಬ್ಬಿ ಎಲ್ಲ ಟೆಂಟ್‌ನಿಂದ 100 ಮೀಟರ್ ದೂರ.

ಎಲ್ಲರೂ ನಿನ್ನನ್ನು ಹೆದರಿಸುವುದು ಫೈವ್ ಫಿಂಗರ್ ರಾಪಿಡ್ಸ್ ಎಂಬ ರಭಸದ ನೊರೆನೀರಿನ ಹೆಸರಲ್ಲಿ. ಕಾರ್ಮ್ಯಾಕ್ಸ್ ಊರು ದಾಟಿದ ಮೇಲೆ ಬಂಡೆಗಳು ನದಿಯನ್ನು ಸೀಳುತ್ತವೆ. ಬಲಗಡೆಯ ಸೀಳಿನಲ್ಲೇ ಹೋಗಬೇಕು, ಬಂಡೆ ಕಾಣುವ ಮುಂಚೆಯೇ ಬಲದಂಡೆ ಸೇರಿರಬೇಕು. ಒಳಗೆ ಹೊಕ್ಕ ಮೇಲೆ ಹುಟ್ಟು ನಿಲ್ಲಿಸಬೇಡ, ನಿಂತ ಕಯಾಕನ್ನು ಅಲೆ ಮಗುಚುತ್ತದೆ. ಮುಂದೆ ಬರುವ ರಿಂಕ್ ರಾಪಿಡ್ಸ್‌ನಲ್ಲೂ ಬಲದಂಡೆಯೇ. ನನ್ನ ಪ್ರಕಾರ ಇದಕ್ಕಿಂತ ಕೆಟ್ಟವು ತಿರುವಿನ ಹೊರದಂಡೆಯಿಂದ ನೀರಿಗೆ ಬಾಗಿದ ಸ್ಪ್ರೂಸ್ ಮರಗಳು. ಕೊಂಬೆಗಳ ನಡುವೆ ನೀರು ನುಗ್ಗಿ ಹೋಗುತ್ತದೆ, ನೀನು ಸಿಕ್ಕಿಕೊಳ್ಳುತ್ತೀಯ. ತಿರುವು ಕಂಡಾಗಲೇ ಒಳದಂಡೆ ಹಿಡಿ.

ವೈಟ್ ನದಿ ಸೇರಿದ ಮೇಲೆ ನೀರೆಲ್ಲ ಹೂಳು. ಕಯಾಕ್‌ನ ತಳಕ್ಕೆ ಅದು ಉಜ್ಜುವ ಸದ್ದು ಕೇಳುತ್ತದೆ. ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಬದಿಯ ತಿಳಿ ತೊರೆ ಸಿಕ್ಕಲ್ಲಿ ತುಂಬಿಸಿಕೋ, ಇಲ್ಲದಿದ್ದರೆ ರಾತ್ರಿಯಿಡೀ ಬಕೆಟ್‌ನಲ್ಲಿ ತಿಳಿಯಾಗಲು ಬಿಟ್ಟು, ಕುದಿಸಿ ಕುಡಿ. ನಿನ್ನ ಹಳದಿ ಬಕೆಟ್‌ಗೆ ಕೊನೆಗೂ ಒಂದು ಘನತೆಯ ಕೆಲಸ.

ಇಷ್ಟೆಲ್ಲ ಬರೆಯುವಾಗಲೂ ಕಣ್ಣು ನಿಂತಿರುವುದು ನಿನ್ನ ಪಟ್ಟಿಯ ಒಂದೇ ಸಾಲಿನ ಮೇಲೆ: ‘ಡ್ರೈಸೂಟ್, ಬೇಕೆನಿಸಿದರೆ’. ನೀರು ಒಳಬರದಂತೆ ಮೈ ಮುಚ್ಚುವ ಆ ಉಡುಪು ಬೇಕೆನಿಸುವ ಹೊತ್ತಿಗೆ ನೀನು ನೀರಲ್ಲಿರುತ್ತೀಯ. ತಣ್ಣೀರಿನ ಲೆಕ್ಕ 1-10-1: ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಬೆರಳು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ಇರುವುದು ಸುಮಾರು ಒಂದು ಗಂಟೆ. ಈ ಹತ್ತು ನಿಮಿಷ ನಿನ್ನ ‘ಹತ್ತೇ ನಿಮಿಷ’ ಅಲ್ಲ. ಅಷ್ಟರೊಳಗೆ ಸೊಂಟದ ಸುತ್ತ ಕಯಾಕಿನ ಬಾಯಿ ಮುಚ್ಚುವ ಸ್ಪ್ರೇ ಸ್ಕರ್ಟ್ ಕಿತ್ತು ಹೊರಬಂದು, 40 ಕಿಲೋ ಸಾಮಾನು ಹೊತ್ತ, ನೀರು ತುಂಬಿದ ಕಯಾಕನ್ನು ಎತ್ತಿ ಬಗ್ಗಿಸಿ, ಮತ್ತೆ ಹತ್ತಬೇಕು. ಜೊತೆಯವನು 200 ಮೀಟರ್ ಮುಂದಿದ್ದರೆ ಹರಿವಿಗೆ ಎದುರಾಗಿ ನಿನ್ನ ಹತ್ತಿರ ಬರಲಾರ. ಖಾಲಿ ಕಯಾಕ್‌ನಲ್ಲಿ ಈಜುಕೊಳದಲ್ಲಿ ಕಲಿತದ್ದು ಇಲ್ಲಿಗೆ ಸಾಲದು.

ನನಗೆ ಭಯವಾಗಿದೆ. ಹೋಗಬೇಡ ಅನ್ನುವ ಮಾತು ನಾಲ್ಕು ಸಲ ಬೆರಳ ತುದಿಗೆ ಬಂತು. ಮರ, ಹೂಳು, ಕರಡಿ ಅಂತ ಬರೆದದ್ದೆಲ್ಲ ಅದನ್ನು ತಡೆಯಲಿಕ್ಕೇ ಇರಬೇಕು. ನೀನಿಲ್ಲದ ಮುಂದಿನ ವರ್ಷವನ್ನು ಊಹಿಸಲು ನನ್ನಿಂದಾಗದು. ಇಷ್ಟು ಜನ ಓದುವ ಕಡೆ ಇದನ್ನು ಬರೆಯುವ ಉದ್ದೇಶ ಇರಲಿಲ್ಲ.

ಸರಿ, ಬಿಡು. ಟೆಂಟ್‌ನ ಬಣ್ಣದ ಬಗ್ಗೆ ನಾನು ಬಾಯಿ ಬಿಡುವುದಿಲ್ಲ, ಅದು ಯಾರ ಆಯ್ಕೆ ಎಂದು ಓದುತ್ತಿರುವ ನಾಲ್ಕೈದು ಮಂದಿಗೆ ಗೊತ್ತು. ಡ್ರೈಸೂಟ್ ಹಾಕಿಕೊಂಡು, ಸಾಮಾನು ತುಂಬಿದ ಕಯಾಕನ್ನು ತಣ್ಣೀರಲ್ಲಿ ಬೇಕೆಂದೇ ಮಗುಚಿ, ಇಬ್ಬರೂ ಸರದಿಯಲ್ಲಿ ಒಬ್ಬರನ್ನೊಬ್ಬರು ಮೇಲೆತ್ತಿ ನೋಡಿ. ಐದು ನಿಮಿಷದೊಳಗೆ ಆಗುವವರೆಗೂ ಮಾಡಿ. ಸ್ಯಾಟಲೈಟ್ ಮೆಸೆಂಜರ್ ಜಾಕೆಟ್ ಜೇಬಿನಲ್ಲೇ ಇರಲಿ, ದಿನಾ ರಾತ್ರಿ ಟೆಂಟ್ ಹೊಡೆದ ಜಾಗದಿಂದ ಒಂದು ಮೆಸೇಜ್ ಹಾಕು. ಅಭ್ಯಾಸದ ತಾರೀಖು ಗೊತ್ತಾದ ಕೂಡಲೇ ತಿಳಿಸು.

ನಿನ್ನವ