ತೊಟ್ಟಿಯ ಸೀಗಡಿಗಳ ಬಗ್ಗೆ ಗೆಳೆಯನಿಗೊಂದು ಪತ್ರ

ಚಿಂತಾಮಣಿ

ಪ್ರೀತಿಯ ಗೆಳೆಯ,

ನೀನು ಕಳುಹಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ನಿನ್ನ ಗಾಜಿನ ತೊಟ್ಟಿಯ ತಳದಲ್ಲಿ ಬಿದ್ದಿರುವುದು ಸತ್ತ ಸೀಗಡಿಯಲ್ಲ, ಅದು ಬೆಳೆಯುವಾಗ ಕಳಚಿದ ಚಿಪ್ಪು. ಮೀಸೆ, ಕಾಲುಗಳೆಲ್ಲ ಹಾಗೆಯೇ ಉಳಿದಿರುವುದರಿಂದ ಮೊದಲ ಸಲ ನೋಡಿದವರು ಗಾಬರಿಯಾಗುವುದು ಸಹಜ. ನೀನು ಸಾಕಿರುವ ಚೆರ್ರಿ ಸೀಗಡಿ, ಅಂದರೆ ಸಿಹಿನೀರಿನ ಈ ಪುಟ್ಟ ಕೆಂಪು ಸೀಗಡಿ, ಸತ್ತರೆ ಅದರ ಮೈ ಮಸುಕಾಗಿ ನಸುಗೆಂಪಿಗೆ ತಿರುಗುತ್ತದೆ; ಚಿಪ್ಪಾದರೆ ಒಳಗೆ ಟೊಳ್ಳಾಗಿ, ಆಚೆಬದಿಯ ಗಿಡ ಕಾಣುವಷ್ಟು ತೆಳುವಾಗಿರುತ್ತದೆ. ಅದನ್ನು ತೆಗೆದು ಎಸೆಯಬೇಡ. ಅದರಲ್ಲಿರುವ ಕ್ಯಾಲ್ಸಿಯಂಗಾಗಿ ಸೀಗಡಿಗಳೇ ಅದನ್ನು ಕೆರೆದು ತಿನ್ನುತ್ತವೆ.

ಚಿಪ್ಪು ಕಳಚಿದ ಸೀಗಡಿಯ ಮೈ ಕೆಲಕಾಲ ಮೆತ್ತಗಿರುವುದರಿಂದ ಅದು ಪಾಚಿಯ ಸಂದಿಯಲ್ಲೋ ಕಟ್ಟಿಗೆಯ ಕೆಳಗೋ ಅಡಗಿಕೊಳ್ಳುತ್ತದೆ. ಒಂದೆರಡು ದಿನ ಕಾಣಿಸದಿದ್ದರೆ ಹುಡುಕಲು ಕಲ್ಲುಗಳನ್ನು ಎತ್ತಾಡಬೇಡ.

ಇನ್ನು ನಿನ್ನ ಮುಖ್ಯ ಪ್ರಶ್ನೆ, ಅವು ಇದ್ದಕ್ಕಿದ್ದಂತೆ ತೊಟ್ಟಿಯ ತುಂಬ ಈಜಾಡುವುದೇಕೆ ಎಂಬುದು. ಇದಕ್ಕೆ ಎರಡು ಕಾರಣಗಳಿದ್ದು, ಒಂದು ಶುಭ, ಇನ್ನೊಂದು ಅಶುಭ. ಪ್ರಾಯಕ್ಕೆ ಬಂದ ಹೆಣ್ಣು ಚಿಪ್ಪು ಕಳಚಿದಾಗ ನೀರಿಗೆ ಒಂದು ರಾಸಾಯನಿಕ ಸುಳಿವನ್ನು ಬಿಡುತ್ತದೆ. ಅದರ ಜಾಡು ಹಿಡಿದು ಗಂಡುಗಳು ಹುಚ್ಚೆದ್ದು ಅಲೆಯುತ್ತವೆ. ಆಗ ಈಜುವವು ಹೆಚ್ಚಾಗಿ ಸಣಕಲು ಮೈಯ, ಬಣ್ಣ ಕಡಿಮೆಯಿರುವ ಗಂಡುಗಳು. ದಪ್ಪನೆಯ ಕಡುಗೆಂಪು ಹೆಣ್ಣುಗಳು ನಿಶ್ಚಿಂತೆಯಿಂದ ಮೇಯುತ್ತಲೇ ಇರುತ್ತವೆ. ಹಾಗಲ್ಲದೆ ಗಂಡು, ಹೆಣ್ಣು, ಮರಿ ಎನ್ನದೆ ಎಲ್ಲವೂ ಮೇಯುವುದನ್ನು ಬಿಟ್ಟು ಗಾಜಿಗೆ ಬಡಿಯುತ್ತಿದ್ದರೆ, ಅದರಲ್ಲೂ ನೀರು ಬದಲಿಸಿದ ಬೆನ್ನಿಗೇ ಹೀಗಾದರೆ, ತಪ್ಪು ನೀರಿನದು. ಎಲ್ಲವೂ ಮೇಲ್ಮೈಗೆ ಹತ್ತಿ ಕುಳಿತಿದ್ದರೆ ಆಮ್ಲಜನಕದ ಕೊರತೆಯನ್ನು ಶಂಕಿಸು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡುವ ನೀರು 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ ಹಿಡಿದಿಡುತ್ತದೆ. ಆದ್ದರಿಂದ ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಏರ್ ಪಂಪನ್ನು ನಿಲ್ಲಿಸಬಾರದು.

ನೀರಿನ ವಿಷಯದಲ್ಲಿ ನಮ್ಮ ಕಡೆಯವರ ಪಾಡು ನಿನಗೆ ತಿಳಿದದ್ದೇ. ಕೊಳವೆಬಾವಿಯ ನೀರು ಗಡಸು. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರಿನಲ್ಲಿ ಲವಣಗಳೇ ಅತ್ಯಲ್ಪ. ಚೆರ್ರಿ ಸೀಗಡಿ ಸಾಕಷ್ಟು ಗಡಸು ನೀರನ್ನು ತಾಳಿಕೊಳ್ಳಬಲ್ಲದು, ಆದರೆ ಇವತ್ತು ಅದು, ನಾಳೆ ಇದು ಎಂದು ಬದಲಾಯಿಸುವುದನ್ನು ತಾಳದು. ಒಮ್ಮೆಲೇ ಹೆಚ್ಚು ನೀರು ಬದಲಿಸಿದಾಗ ಸಿದ್ಧವಾಗುವ ಮೊದಲೇ ಚಿಪ್ಪು ಕಳಚಲು ಹೊರಟು, ಅರ್ಧಕ್ಕೆ ಸಿಕ್ಕಿಕೊಂಡು ಸಾಯುವುದುಂಟು. ಕತ್ತಿನ ಹಿಂದೆ ಸುತ್ತಲೂ ಬಿಳಿಯ ಉಂಗುರ ಕಂಡರೆ ಅದೇ ತೊಂದರೆ ಎಂದು ತಿಳಿ. ಎರಡೂ ನೀರನ್ನು ಪ್ರತಿ ಸಲವೂ ಅದೇ ಪ್ರಮಾಣದಲ್ಲಿ ಬೆರೆಸಿಟ್ಟುಕೊಂಡು, ವಾರಕ್ಕೆ ಹತ್ತನೆಯ ಒಂದು ಭಾಗವನ್ನಷ್ಟೇ ಬದಲಿಸು. ಅದನ್ನೂ ಸಣ್ಣ ಕೊಳವೆಯಿಂದ ಹನಿಹನಿಯಾಗಿ ಬಿಡು.

ಸಂತೆಯ ಪಾಲಕ್ ಬೇಯಿಸಿ ಹಾಕುತ್ತಿರುವುದಾಗಿ ಬರೆದಿದ್ದೀಯೆ. ನನಗೆ ಅದು ಒಪ್ಪಿಗೆಯಿಲ್ಲ. ಕೀಟಗಳಂತೆಯೇ ಸೀಗಡಿಯೂ ಸಂಧಿಪದಿ, ಅಂದರೆ ಕೀಲುಗಾಲುಗಳ ಪ್ರಾಣಿ. ಬೆಳೆಗೆ ಹೊಡೆದ ಕೀಟನಾಶಕದ ಅಲ್ಪ ಶೇಷವೂ ಅದಕ್ಕೆ ಮಾರಕ. ನಮ್ಮ ದ್ರಾಕ್ಷಿ ತೋಟಗಳಲ್ಲಿ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೆರೆಸುವ ಮೈಲುತುತ್ತವೂ (ತಾಮ್ರದ ಸಲ್ಫೇಟ್) ಅಷ್ಟೇ ಅಪಾಯಕಾರಿ, ಮತ್ತು ಅದೇ ತಾಮ್ರ ಕೆಲವು ಮೀನಿನ ಔಷಧಿಗಳಲ್ಲಿಯೂ ಇರುತ್ತದೆ. ಸೋಜಿಗವೆಂದರೆ, ಸೀಗಡಿಯ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದೂ ತಾಮ್ರವಿರುವ ಒಂದು ಪ್ರೋಟೀನೇ. ಹಿತ್ತಲಲ್ಲಿ ಔಷಧಿ ಹೊಡೆಯದೆ ಬೆಳೆದ ಸೊಪ್ಪಿದ್ದರೆ ಹಾಕು, ಇಲ್ಲವಾದರೆ ಬೇಡ. ಎಲೆ, ಕಲ್ಲುಗಳ ಮೇಲೆ ಕಟ್ಟುವ ಲೋಳೆ ಮತ್ತು ಪಾಚಿಯೇ ಅವುಗಳ ನಿಜವಾದ ಊಟ. ದಿನವಿಡೀ ಪುಟ್ಟ ಕೈಗಳಿಂದ ಹೆಕ್ಕುತ್ತಿರುವುದು ಅದನ್ನೇ.

ನಿನ್ನ ಚಿತ್ರದ ಮೂಲೆಯಲ್ಲಿರುವ ಹೆಣ್ಣಿನ ಹೊಟ್ಟೆಯಡಿ ಹಳದಿ ಮೊಟ್ಟೆಗಳಿವೆ, ಗಮನಿಸಿದೆಯಾ? ಈಜುಗಾಲುಗಳಿಂದ ಬೀಸಿ ಅವುಗಳಿಗೆ ನೀರಾಡುವಂತೆ ಮಾಡುತ್ತಾ ಅದು ಮೂರು ನಾಲ್ಕು ವಾರ ಹೊತ್ತು ತಿರುಗುತ್ತದೆ. ಹೊರಬರುವ ಮರಿಗಳು ದೊಡ್ಡವುಗಳದೇ ರೂಪದಲ್ಲಿದ್ದರೂ ಎರಡು ಮಿಲಿಮೀಟರಿನಷ್ಟೇ ಇರುವುದರಿಂದ, ಅಷ್ಟರೊಳಗೆ ಫಿಲ್ಟರಿನ ಬಾಯಿಗೆ ಸಣ್ಣ ರಂಧ್ರದ ಸ್ಪಾಂಜು ಕಟ್ಟಿಬಿಡು.

ಇಂತಿ,
ನಿನ್ನ ಗೆಳೆಯ