ಬಸುರಿಯ ಬಿಪಿಗೆ ಉಪ್ಪನ್ನೇ ಯಾಕೆ ಬೈತೀರಿ?

ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಬಸುರಿಯರ ಬಿಪಿ ಬಗ್ಗೆ ಬಂದ ಲೇಖನ ಓದಿದೆ. ಉಪ್ಪು ಬಿಡಿ, ಟೆನ್ಷನ್ ಮಾಡ್ಕೋಬೇಡಿ, ಚೆನ್ನಾಗಿ ನಿದ್ದೆ ಮಾಡಿ. ಅಷ್ಟೇ. ಓದಿದ ಹೆಣ್ಣುಮಗಳಿಗೆ ತಾನೇ ಬಿಪಿ ತಂದುಕೊಂಡೆ ಅನ್ನಿಸದೆ ಇರುತ್ತಾ?

ಬಸುರಿಯಾದಾಗ ಮೈಯಲ್ಲಿರುವ ರಕ್ತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಗುತ್ತದೆ. ಹಾಗಾದರೆ ಬಿಪಿ ಏರಬೇಕಲ್ವಾ? ಏರಲ್ಲ, ನಾಲ್ಕೈದು ತಿಂಗಳ ಹೊತ್ತಿಗೆ ಸ್ವಲ್ಪ ಇಳಿದೇ ಇರುತ್ತದೆ, ಯಾಕಂದ್ರೆ ರಕ್ತನಾಳಗಳು ಸಡಿಲಗೊಂಡು ಜಾಗ ಮಾಡಿಕೊಡುತ್ತವೆ. ಅಂಡಾಶಯದಿಂದ ಬರುವ ರಿಲ್ಯಾಕ್ಸಿನ್ ಹಾರ್ಮೋನ್ ಈ ಕೆಲಸಕ್ಕೆ ಕೈ ಹಾಕುತ್ತದೆ. ನಾಳದ ಒಳಪದರದಲ್ಲೇ ಹುಟ್ಟಿ ಅಲ್ಲೇ ಕೆಲಸ ಮುಗಿಸುವ ಪ್ರೊಸ್ಟಾಸೈಕ್ಲಿನ್ ಎಂಬ ವಸ್ತು ಕೂಡ. 1976ರಲ್ಲಿ ಇದನ್ನು ಕಂಡುಹಿಡಿದ ತಂಡದ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು. ಪ್ರೊಸ್ಟಾಸೈಕ್ಲಿನ್‌ಗೆ ಎದುರಾಳಿ ಥ್ರಾಂಬಾಕ್ಸೇನ್. ಅದು ನಾಳವನ್ನು ಬಿಗಿ ಮಾಡುತ್ತದೆ, ರಕ್ತ ಹೆಪ್ಪುಗಟ್ಟಿಸುತ್ತದೆ.

ಕೆಲವರಲ್ಲಿ ಮಾಸು (ಪ್ಲಾಸೆಂಟಾ) ಬೇರೂರುವಾಗ ಗರ್ಭಕೋಶದ ನಾಳಗಳು ಸರಿಯಾಗಿ ಅಗಲವಾಗುವುದಿಲ್ಲ. ರಕ್ತ ಸಾಲದ ಮಾಸು ಒಂದು ಪ್ರೋಟೀನನ್ನು ತಾಯಿಯ ರಕ್ತಕ್ಕೆ ಜಾಸ್ತಿ ಬಿಡುತ್ತದೆ, ಅದು ನಾಳದ ಒಳಪದರವನ್ನೇ ಕೆಡಿಸುತ್ತದೆ. ಆಗ ನಾಳ ಸಡಿಲ ಮಾಡುವ ಪ್ರೊಸ್ಟಾಸೈಕ್ಲಿನ್ ಕಡಿಮೆ, ಬಿಗಿ ಮಾಡುವ ಥ್ರಾಂಬಾಕ್ಸೇನ್ ಜಾಸ್ತಿ. 20 ವಾರ ಕಳೆದ ಮೇಲೆ ಬಿಪಿ 140/90 ದಾಟುತ್ತದೆ, ಮೂತ್ರದಲ್ಲಿ ಪ್ರೋಟೀನ್ ಕಾಣುತ್ತದೆ. ಡಾಕ್ಟರು ಪ್ರಿ-ಎಕ್ಲಾಂಪ್ಸಿಯಾ ಅನ್ನೋದು ಇದನ್ನೇ. ಉಪ್ಪು ಕಡಿಮೆ ಮಾಡಿದರೆ ಇದನ್ನು ತಡೆಯಬಹುದು ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ. ಸುಮ್ನೆ ಸಪ್ಪೆ ಊಟ ಹಾಕಿ ಆ ಹುಡುಗಿಯ ಬಾಯಿ ಕೆಡಿಸಬೇಡಿ.

ನಿಮ್ಮ ಲೇಖನದಲ್ಲಿ ಬರಲೇಬೇಕಿದ್ದು, ಬಾರದೇ ಹೋದದ್ದು ಆಸ್ಪಿರಿನ್. ಸಣ್ಣ ಡೋಸಿನಲ್ಲಿ ಅದು ಥ್ರಾಂಬಾಕ್ಸೇನನ್ನು ತಡೆಯುತ್ತದೆ, ಪ್ರೊಸ್ಟಾಸೈಕ್ಲಿನ್ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. 2017ರಲ್ಲಿ ಬಂದ ಆಸ್ಪ್ರೆ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದ ಬಸುರಿಯರಿಗೆ 11-14ನೇ ವಾರದಿಂದ 36ನೇ ವಾರದವರೆಗೆ ದಿನಾ ರಾತ್ರಿ 150 ಮಿಲಿಗ್ರಾಂ ಕೊಟ್ಟರು. 37 ವಾರ ತುಂಬುವ ಮೊದಲೇ ಬರುವ ಪ್ರಿ-ಎಕ್ಲಾಂಪ್ಸಿಯಾ ನೂರಕ್ಕೆ 4.3 ಇದ್ದದ್ದು 1.6ಕ್ಕೆ ಇಳಿಯಿತು.

ನಾನು ಮೆಡಿಕಲ್ ಸ್ಟೋರ್ ನಡೆಸುವವನು. ಚೀಟಿಯಲ್ಲಿ ಆಸ್ಪಿರಿನ್ ಬರೆದಿದ್ದರೆ ಎಷ್ಟೋ ಮನೆಯವರು ಸ್ಟ್ರಿಪ್ ಹಿಂದೆಮುಂದೆ ತಿರುಗಿಸಿ, "ಇದು ಹಾರ್ಟಿನ ಮಾತ್ರೆ ಅಲ್ವಾ ಅಣ್ಣಾ, ಬಸುರಿಗೆ ಯಾಕೆ?" ಅಂತ ಕೌಂಟರ್ ಮೇಲೆ ವಾಪಸ್ ಇಡುತ್ತಾರೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ತಗೊಂಡು ಹೊರಡುತ್ತಾರೆ. (ಆ ಸ್ಟ್ರಿಪ್ಪಿನಲ್ಲಿ ನನಗೆ ಸಿಗೋದು ಚಿಲ್ಲರೆ ಕಾಸು, ವ್ಯಾಪಾರಕ್ಕಾಗಿ ಹೇಳ್ತಿಲ್ಲ.) ಕೆಲವರು ಏಳನೇ ತಿಂಗಳಲ್ಲಿ ಮುಖ ಊದಿದ ಮೇಲೆ ಅದೇ ಮಾತ್ರೆ ಹುಡುಕಿಕೊಂಡು ಬರುತ್ತಾರೆ. ಆಗ ಅದರಿಂದ ಹೆಚ್ಚು ಪ್ರಯೋಜನವಿಲ್ಲ, 16 ವಾರದೊಳಗೆ ಶುರು ಮಾಡಿದರೇ ಚೆಂದ.

ಹಾಗಂತ ಯಾರೂ ಅವರಾಗೇ ನುಂಗಬಾರದು. ಹಿಂದಿನ ಬಸಿರಿನಲ್ಲಿ ಬಿಪಿ ಬಂದವರು, ಮೊದಲೇ ಬಿಪಿ, ಶುಗರ್, ಕಿಡ್ನಿ ತೊಂದರೆ ಇರುವವರು, ಅವಳಿ ಹೊತ್ತವರು ಮೂರನೇ ತಿಂಗಳಲ್ಲೇ ಡಾಕ್ಟರನ್ನು ಬಾಯಿಬಿಟ್ಟು ಕೇಳಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದುಕೊಂಡು ಅವತ್ತೇ ಹೋಗಿ ಕೇಳಬಹುದು. ಮುಂದಿನ ವಾರದ ಆರೋಗ್ಯ ಪುಟದಲ್ಲಿ ಇಷ್ಟನ್ನು ಒಬ್ಬ ಹೆರಿಗೆ ಡಾಕ್ಟರ ಕೈಲಿ ಬರೆಸಿ, ಉಪ್ಪಿನ ವಿಷಯವನ್ನೂ ಅಲ್ಲೇ ತಿದ್ದಿ.

— ಒಬ್ಬ ಓದುಗ