ರೈಟ್ರ ಮಳೆ ಪುಸ್ತಕ

ಶುಕ್ರವಾರ ನನ್ನ ಪಿಎಚ್‌ಡಿಯ ವೈವಾ, ಅಂದರೆ ಮೌಖಿಕ ಪರೀಕ್ಷೆ, ಮುಗಿಯಿತು. ತೋಟದಲ್ಲಿಟ್ಟ ಪುಟ್ಟ ರೇಡಿಯೋ ಸಾಧನಗಳಿಂದ ಡೇಟಾ ತರಿಸುವುದೇ ನನ್ನ ಆರು ವರ್ಷದ ಕೆಲಸವಾಗಿತ್ತು. ನನ್ನ ಗೈಡ್, ಲ್ಯಾಬ್‌ನ ಗೆಳೆಯರು, ಬೋರ್ಡುಗಳಿಗೆ ಬೆಸುಗೆ ಹಾಕಿಕೊಟ್ಟ ಜೂನಿಯರ್‌ಗಳು, ಹಬ್ಬಕ್ಕೂ ಊರಿಗೆ ಹೋಗದಿದ್ದಾಗ ಒಂದು ಮಾತೂ ಆಡದ ಅಪ್ಪ ಅಮ್ಮ, ಎಲ್ಲರಿಗೂ ನಾನು ಋಣಿ.

ಉಳಿದದ್ದೆಲ್ಲ ಸಕಲೇಶಪುರದ ಆಚೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟ್ರಿಗೆ.

ಆ ತೋಟದಲ್ಲಿ ನನ್ನ 60 ಲೋರಾ ನೋಡ್‌ಗಳಿದ್ದವು, ಅಂದರೆ ದೂರಕ್ಕೆ ಚಿಕ್ಕ ಸಂದೇಶ ಕಳಿಸುವ ರೇಡಿಯೋ ಸಾಧನಗಳು; ಅವುಗಳ ಸಂದೇಶ ಹಿಡಿಯಲು ಗೋಡೌನಿನ ಮೇಲೆ ಒಂದು ಗೇಟ್‌ವೇ. ಮಳೆ ಹಿಡಿದರೆ ಡೇಟಾ ನಿಲ್ಲುತ್ತಿತ್ತು. ಅವು ಬಳಸುವ 866 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ಅದರ ಮುಂದೆ ಮಳೆಹನಿ ಲೆಕ್ಕಕ್ಕಿಲ್ಲ ಎಂದು ಓದಿದ್ದೆ. ಆದರೂ ಎರಡು ಮಳೆಗಾಲ ಮಳೆಯನ್ನೇ ದೂರಿದೆ.

ಮೂರನೇ ಮಳೆಗಾಲದ ಜುಲೈ. ಅದೇ ವಾರ ಪೇಪರ್ ರಿಜೆಕ್ಟ್ ಆಗಿತ್ತು. ಎರಡು ದಿನ ಇಲ್ಲದ ಕರೆಂಟ್ ರಾತ್ರಿ ಹನ್ನೊಂದಕ್ಕೆ ಬಂತು, ಡೇಟಾ ಬರಲಿಲ್ಲ. ಪಿಎಚ್‌ಡಿ ಬಿಡುತ್ತೇನೆಂದು ಗೈಡ್‌ಗೆ ಮೇಲ್ ಬರೆದೆ. ಕಳಿಸಲು ಮೊಬೈಲ್ ಸಿಗ್ನಲ್ ಇರಲಿಲ್ಲ. ಜಗಲಿಯಲ್ಲಿ ಕೂತು ಅತ್ತೆ. ನನ್ನಿಂದ ಆಗುವುದಿಲ್ಲ ಎಂದು ಅಷ್ಟು ಖಚಿತವಾಗಿ ಹಿಂದೆಂದೂ ಅನ್ನಿಸಿರಲಿಲ್ಲ.

ರೈಟ್ರು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಏನಾಯಿತೆಂದು ಕೇಳಲೂ ಇಲ್ಲ. ಬೆಲ್ಲದ ಕಾಫಿ ಕಾಸಿ ತಂದಿಟ್ಟು ಪಕ್ಕದಲ್ಲಿ ಕೂತರು. ಎಷ್ಟೋ ಹೊತ್ತಿನ ಮೇಲೆ ತಮ್ಮ ಮಳೆ ಪುಸ್ತಕ ತೆಗೆದರು. ಮಳೆಯ ಇಂಚು, ಸೆಂಟಿನ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದ ಪಕ್ಕದಲ್ಲೇ ಕರೆಂಟ್ ಹೋದ ಹೊತ್ತು, ಬಂದ ಹೊತ್ತು. "ಮೇಡಂ, ಮಳೆ ಬಂದಾಗೆಲ್ಲ ನಿಮ್ಮ ಮಿಷಿನ್ ನಿಲ್ಲಲ್ಲ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ನಿಲ್ಲುತ್ತೆ," ಅಂದರು.

ಬೆಳಗಿನವರೆಗೂ ಅವರು ತಾರೀಕು ಓದಿದರು, ನಾನು ಡೇಟಾ ಬಂದ ಹೊತ್ತಿನ ಲಾಗ್ ಜೊತೆ ಹೊಂದಿಸಿದೆ. ಕರೆಂಟ್ ಹೋದರೆ ಗೇಟ್‌ವೇ ನಿಲ್ಲುತ್ತಿತ್ತು. ಅದರಿಂದ ಉತ್ತರ ಸಿಗದಿದ್ದಾಗ ಪ್ರತಿ ನೋಡ್ ತನ್ನ ದನಿ ಮುಟ್ಟುತ್ತಿಲ್ಲವೆಂದು ವೇಗ ತಗ್ಗಿಸಿಕೊಳ್ಳುತ್ತದೆ. ಸಂದೇಶವನ್ನು ಎಷ್ಟು ಎಳೆದು ಕಳಿಸಬೇಕೆಂಬ ಅಳತೆ, ಅಂದರೆ ಸ್ಪ್ರೆಡಿಂಗ್ ಫ್ಯಾಕ್ಟರ್, 7ರಿಂದ 12ಕ್ಕೆ ಏರಿದರೆ ಅದೇ ಸಂದೇಶಕ್ಕೆ ಇಪ್ಪತ್ತು ಪಟ್ಟಿಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಕರೆಂಟ್ ಬಂದಾಗ ಅರವತ್ತೂ ಹಾಗೆ ಎಳೆದೆಳೆದು, ಒಂದರ ಮೇಲೊಂದು ಕೂಗುತ್ತಿದ್ದವು. 1970ರ ದಶಕದ ಹವಾಯಿಯ ಅಲೋಹಾ ಎಂಬ ರೇಡಿಯೋ ಜಾಲದ ಕಾಲದಿಂದ ಗೊತ್ತಿರುವ ಮಿತಿ ಇದು: ಇನ್ನೊಬ್ಬರು ಮಾತಾಡುತ್ತಿದ್ದಾರೆಯೇ ಎಂದು ನೋಡದೆ ಎಲ್ಲರೂ ಮಾತಾಡಿದರೆ ಹೆಚ್ಚೆಂದರೆ ಶೇ 18.4ರಷ್ಟು ಹೊತ್ತು ಮಾತ್ರ ಉಪಯೋಗಕ್ಕೆ ಬರುತ್ತದೆ. ಗದ್ದಲ ಇನ್ನೂ ಏರಿದರೆ ಅದೂ ಇಲ್ಲ.

ಥೀಸಿಸ್‌ನ ಮೂರನೇ ಅಧ್ಯಾಯ ಅಲ್ಲಿಂದಲೇ ಹುಟ್ಟಿತು. ವೈವಾದಲ್ಲಿ ಅತಿ ಹೆಚ್ಚು ಪ್ರಶ್ನೆ ಬಂದದ್ದೂ ಅದರ ಮೇಲೆಯೇ. ಉತ್ತರ ಹೇಳುವಾಗ ಕಣ್ಣ ಮುಂದೆ ಇದ್ದದ್ದು ಒದ್ದೆ ಬೆರಳಿನ ಗುರುತು ಬಿದ್ದ ಆ ಪುಟಗಳು.

ರೈಟ್ರೇ, ಆ ರಾತ್ರಿ ನೀವು ಎದ್ದು ಹೋಗಿದ್ದರೆ ಬೆಳಗ್ಗೆ ಸಿಗ್ನಲ್ ಬಂದ ಕೂಡಲೇ ನಾನು ಆ ಮೇಲ್ ಕಳಿಸುತ್ತಿದ್ದೆ. ಇದನ್ನು ನಿಮಗೆ ಇವತ್ತಿನವರೆಗೂ ಹೇಳಿರಲಿಲ್ಲ. ನಿಮ್ಮ ಮಳೆ ಪುಸ್ತಕ ಇನ್ನೂ ನನ್ನ ಬಳಿಯೇ ಇದೆ. ಥೀಸಿಸ್ ಬೈಂಡ್ ಆಗಲಿ, ಎರಡನ್ನೂ ತೆಗೆದುಕೊಂಡು ತೋಟಕ್ಕೆ ಬರುತ್ತೇನೆ.